ಶೀಟಿನ ಮೇಲಿನ ಕಲ್ಲು ಇಳಿಸಿ

ಮಾನ್ಯ ಸಂಪಾದಕರೇ,

ನಮಸ್ಕಾರ. ಬಿರುಗಾಳಿ ಬಂದಾಗ ಮನೆಯಲ್ಲಿ ಹೇಗೆ ಜೋಪಾನವಾಗಿರಬೇಕು ಅಂತ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಮನೆಯೊಳಗೇ ಇರಿ, ಕಿಟಕಿಯಿಂದ ದೂರ ಇರಿ, ಗಾಜಿನ ಹತ್ತಿರ ನಿಲ್ಲಬೇಡಿ ಎಂದು ಅದರಲ್ಲಿತ್ತು. ಎಲ್ಲವೂ ಸರಿಯಾದ ಮಾತೇ. ಆದರೆ ಅದು ತಾರಸಿ ಮನೆಯವರಿಗೆ ಹೇಳಿದ ಮಾತು. ನಮ್ಮ ಕಡೆ ಎಷ್ಟೋ ಮನೆಗಳಿಗೆ ಗಾಜಿನ ಕಿಟಕಿಯೇ ಇಲ್ಲ. ತಲೆಯ ಮೇಲೆ ಇರುವುದು ಶೀಟು. ಶೀಟಿನ ಮೇಲೆ ಇರುವುದು ಕಲ್ಲು. ಆ ಕಲ್ಲಿನ ಬಗ್ಗೆ ಬರೆದದ್ದನ್ನು ನಾನು ಎಲ್ಲೂ ಓದಿಲ್ಲ. ಅದಕ್ಕೇ ಈ ಪತ್ರ.

ನಾನು ಹಿರಿಯೂರು ತಾಲ್ಲೂಕಿನವನು. 22 ವರ್ಷದಿಂದ ವೆಲ್ಡಿಂಗ್ ಮತ್ತು ಶೀಟ್ ಹಾಕುವ ಕೆಲಸ ಮಾಡಿಕೊಂಡು ಬಂದಿದ್ದೇನೆ. ಹಿರಿಯೂರು, ಚಳ್ಳಕೆರೆ, ಹೊಸದುರ್ಗದ ಹಳ್ಳಿಗಳಲ್ಲಿ ಮನೆ, ದನದ ಕೊಟ್ಟಿಗೆ, ಕೋಳಿ ಫಾರಂ, ಚಹಾ ಅಂಗಡಿ ಎಲ್ಲಕ್ಕೂ ಶೀಟ್ ಹಾಕಿದ್ದೇನೆ. ನಮ್ಮ ಜಿಲ್ಲೆಗೆ ಗಾಳಿ ಹೊಸದಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರ ನಿಲ್ಲಿಸಿರುವುದೇ ಗಾಳಿ ಚೆನ್ನಾಗಿ ಬೀಸುತ್ತದೆ ಅಂತ. ಗಂಟೆಗೆ 90 ಕಿ.ಮೀ. ಆಸುಪಾಸು ಗಾಳಿ ಬಂದರೆ ಅಂಥ ಯಂತ್ರಗಳು ತಾವಾಗಿಯೇ ರೆಕ್ಕೆ ನಿಲ್ಲಿಸಿಕೊಳ್ಳುತ್ತವೆ. ಅಷ್ಟು ದೊಡ್ಡ ಉಕ್ಕಿನ ಕಂಬವನ್ನೇ ಹಾಗೆ ಕಾಪಾಡಬೇಕು ಅಂದರೆ ನಮ್ಮ ಹತ್ತಡಿ ರೂಮಿನ ಕಥೆ ಏನು ಹೇಳಿ.

ಒಂಬತ್ತು ವರ್ಷದ ಹಿಂದಿನ ಮಾತು. ಭರಣಿ ಮಳೆ ಹುಟ್ಟಿ ಮೂರ್ನಾಲ್ಕು ದಿನ ಆಗಿತ್ತು. ಭರಣಿ ಮಳೆ ಬಂದರೆ ಧರಣಿ ಬದುಕೀತು ಅಂತಾರೆ ನಮ್ಮ ಹಿರಿಯರು. ಅವತ್ತು ಎಲ್ಲರೂ ಮಳೆಗೇ ಕಾಯುತ್ತಿದ್ದೆವು. ನಾನು ಚಳ್ಳಕೆರೆ ಕಡೆ ಕೆಲಸಕ್ಕೆ ಹೋಗಿದ್ದೆ. ಸಂಜೆ ನಾಲ್ಕರ ಹೊತ್ತಿಗೆ ಮಾರಿಕಣಿವೆ ಕಡೆಯಿಂದ ಮೋಡ ಎದ್ದಿತಂತೆ. ನಮ್ಮವ್ವ ಒಳಗೆ ಚಾಪೆ ಹಾಸಿಕೊಂಡು ಮಲಗಿದ್ದರು. ಗಾಳಿ ಬಂದದ್ದೇ ಮೂಲೆಯ ಶೀಟು ಪಟಪಟ ಬಡಿದುಕೊಳ್ಳಲು ಶುರುವಾಯಿತು. ಆಮೇಲೆ ಅದರ ಪಕ್ಕದ ಶೀಟು ಎದ್ದು ಹಿಂದಕ್ಕೆ ಮಗುಚಿತು. ಅದರ ಮೇಲಿದ್ದ ಕಲ್ಲು ತೆರೆದ ಜಾಗದಿಂದ ನೇರ ಒಳಗೆ ಬಿತ್ತು. ಅವ್ವನ ಬಲ ಭುಜದ ಮೇಲೆ. ಒಂದು ಗೇಣು ಆಚೆ ಬಿದ್ದಿದ್ದರೆ ತಲೆ.

ಮೂಳೆ ಕೂಡಿಕೊಂಡಿತು. ಆದರೆ ಆ ಕೈ ಇವತ್ತಿಗೂ ಭುಜದ ಮೇಲಕ್ಕೆ ಏಳುವುದಿಲ್ಲ. ತಲೆ ಬಾಚಿ ತುರುಬು ಕಟ್ಟಲು ನನ್ನ ಹೆಂಡತಿಯೇ ಬೇಕು. ಆ ಕಲ್ಲನ್ನು ಅಲ್ಲಿ ಇಟ್ಟವನು ನಾನೇ. ಒಟ್ಟು ಹನ್ನೊಂದು ಕಲ್ಲು. ಒಂದೊಂದನ್ನೂ ಹೆಗಲ ಮೇಲೆ ಹೊತ್ತು ಏಣಿ ಹತ್ತಿದ್ದೆ. ಊರಿನವರ ಮನೆಗೆಲ್ಲ ಸ್ಕ್ರೂ ಹೊಡೆದವನು ನನ್ನ ಮನೆಗೆ ಹಳೇ ಶೀಟು ಹೊದಿಸಿ, ಸದ್ಯಕ್ಕೆ ಕಲ್ಲು ಇರಲಿ, ಮುಂದಿನ ತಿಂಗಳು ನೋಡೋಣ ಅಂದುಕೊಂಡಿದ್ದೆ. ಆ ಮುಂದಿನ ತಿಂಗಳು ಎರಡು ವರ್ಷವಾದರೂ ಬರಲಿಲ್ಲ.

ಕಲ್ಲು ಇಟ್ಟರೆ ಶೀಟು ಹಾರಲ್ಲ ಅಂತ ಎಲ್ಲರೂ ನಂಬಿದ್ದಾರೆ. ನಾನೂ ನಂಬಿದ್ದೆ. ಆಮೇಲೆ ಒಂದು ಗೋದಾಮಿನ ಕೆಲಸದಲ್ಲಿ ಸಿಕ್ಕ ಇಂಜಿನಿಯರ್ ಒಬ್ಬರನ್ನು ಕೇಳಿದೆ. ಅವರು ಪೆನ್ನು ತೆಗೆದು ಸಿಮೆಂಟ್ ಚೀಲದ ಮೇಲೆಯೇ ಲೆಕ್ಕ ಹಾಕಿ ತೋರಿಸಿದರು. ಗಾಳಿ ಮಾಡಿನ, ಅಂದರೆ ಮನೆಯ ಚಾವಣಿಯ ಮೇಲೆ ಹಾದು ಹೋಗುವಾಗ ಶೀಟನ್ನು ಕೆಳಕ್ಕೆ ಒತ್ತುವುದಕ್ಕಿಂತ ಮೇಲಕ್ಕೆ ಎಳೆಯುವುದೇ ಜಾಸ್ತಿ. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ರೂಮು ಅಂತ ಇಟ್ಟುಕೊಳ್ಳಿ. ಗಂಟೆಗೆ 40 ಕಿ.ಮೀ. ಗಾಳಿಗೆ ಆ ಮಾಡಿನ ಮೇಲೆ ಬೀಳುವ ಎಳೆತ ಹೆಚ್ಚುಕಡಿಮೆ 80 ಕೆ.ಜಿ. ನನ್ನ ಹನ್ನೊಂದು ಕಲ್ಲು ಸುಮಾರು 100 ಕೆ.ಜಿ., ಶೀಟಿನದೇ ತೂಕ 50-60 ಕೆ.ಜಿ. ಅಲ್ಲಿಗೆ ಕಲ್ಲು ತಡೆಯಿತು. ಅದಕ್ಕೇ ಜನ ಕಲ್ಲನ್ನು ನಂಬುತ್ತಾರೆ. ವರ್ಷದಲ್ಲಿ ಬರುವ ಹತ್ತು ಗಾಳಿಯಲ್ಲಿ ಒಂಬತ್ತಕ್ಕೆ ಅದು ಸಾಕಾಗುತ್ತದೆ.

ಆದರೆ ಗಾಳಿಯ ವೇಗ ಎರಡರಷ್ಟಾದರೆ ಎಳೆತ ನಾಲ್ಕರಷ್ಟಾಗುತ್ತದೆ. 80 ಕಿ.ಮೀ. ವೇಗಕ್ಕೆ ಅದೇ ಮಾಡಿನ ಎಳೆತ 300 ಕೆ.ಜಿ. ದಾಟುತ್ತದೆ. ಬಾಗಿಲು ತೆರೆದಿದ್ದು ಗಾಳಿ ಒಳಗೂ ನುಗ್ಗಿದರೆ ಕೆಳಗಿನಿಂದ ನೂಕುವುದೂ ಸೇರಿಕೊಂಡು ಇನ್ನೂ ಜಾಸ್ತಿ. ಆಗ ಕಲ್ಲು ಶೀಟನ್ನು ಹಿಡಿಯುವುದಿಲ್ಲ. ಶೀಟೇ ಕಲ್ಲನ್ನು ಎತ್ತಿ ಎಸೆಯುತ್ತದೆ. ಬರೀ ಶೀಟು ಹಾರಿದರೆ ಸಾಮಾನು ನೆನೆಯುತ್ತದೆ, ಸಾಲ ಆಗುತ್ತದೆ. ಕಲ್ಲು ಇದ್ದು ಶೀಟು ಹಾರಿದರೆ ಕೆಳಗಿರುವವರ ಮೇಲೆ ಬೀಳುತ್ತದೆ. ಹಾರಿದ ಶೀಟು ಪಕ್ಕದ ಮನೆಯವರನ್ನೂ ಬಿಡುವುದಿಲ್ಲ. ಅದರ ಅಂಚು ಕುಡುಗೋಲಿನ ಹಾಗೆ ಕೊಯ್ಯುತ್ತದೆ.

ಕಲ್ಲು ಇಳಿಸಿ ಅಂದ ತಕ್ಷಣ ಜನ ಕೇಳುವುದು, ಹಾಗಾದರೆ ಏನು ಹಾಕಬೇಕು ಅಂತ. ಸ್ಕ್ರೂ ಹಾಕಿ. ರಬ್ಬರ್ ವಾಷರ್ ಇರುವ, ತಾನೇ ಕೊರೆದುಕೊಂಡು ಹೋಗುವ ಸ್ಕ್ರೂ ಒಂದಕ್ಕೆ ನಮ್ಮ ಕಡೆ ಅಂಗಡಿಯಲ್ಲಿ ನಾಲ್ಕೈದು ರೂಪಾಯಿ. ಮೇಲೆ ಹೇಳಿದ ರೂಮಿಗೆ 70 ಸ್ಕ್ರೂ ಹೊಡೆದರೂ ಮುನ್ನೂರೈವತ್ತು ರೂಪಾಯಿ ಒಳಗೇ. ಮರದ ಜಂತಿ ಇದ್ದರೆ ಅದಕ್ಕೆ ಬೇರೆ ಸ್ಕ್ರೂ ಬರುತ್ತದೆ, ಕೇಳಿ ತನ್ನಿ. ಸಿಮೆಂಟ್ ಶೀಟಿಗೆ ಹುಕ್ ಬೋಲ್ಟ್ ಇದೆ. ಗಾಳಿ ಮೊದಲು ಕೈ ಹಾಕುವುದು ಮೂಲೆಗೆ, ಆಮೇಲೆ ಸೂರಿಗೆ. ನಡುವೆ ಒಂದು ಸ್ಕ್ರೂ ಕಡಿಮೆಯಾದರೂ ನಡೆದೀತು, ಮೂಲೆಯಲ್ಲಿ ಮತ್ತು ಅಂಚಿನ ಸಾಲಿನಲ್ಲಿ ಒತ್ತೊತ್ತಾಗಿ ಹೊಡೆಯಿರಿ. ನೆರಳಿಗೆ ಅಂತ ಸೂರನ್ನು ಮೂರಡಿ ಹೊರಗೆ ಬಿಡಿಸಿಕೊಳ್ಳುವವರಿದ್ದಾರೆ. ನಾನು ಈಗ ಒಂದೂವರೆ ಅಡಿಗಿಂತ ಜಾಸ್ತಿ ಬಿಡುವುದಿಲ್ಲ. ನೆರಳು ಬೇಕಾದರೆ ಬೇರೆ ಕಂಬ ನೆಟ್ಟು ಬೇರೆ ಚಪ್ಪರ ಹಾಕಿಸಿಕೊಳ್ಳಿ ಅನ್ನುತ್ತೇನೆ. ಅದು ಹಾರಿದರೂ ಮನೆ ಉಳಿಯುತ್ತದೆ.

ಸ್ಕ್ರೂ ಹೊಡೆದರೆ ಮುಗಿಯಿತು ಅಂತಲೂ ತಿಳಿಯಬೇಡಿ. ಶೀಟು ಅದನ್ನು ಹೊತ್ತ ಕಬ್ಬಿಣದ ಪೈಪಿಗೆ ಭದ್ರವಾಗಿದ್ದು, ಪೈಪು ಗೋಡೆಯ ಮೇಲೆ ಸುಮ್ನೆ ಕೂತಿದ್ದರೆ ಪೈಪು ಸಮೇತ ಇಡೀ ಮಾಡೇ ಎದ್ದು ಹೋಗುತ್ತದೆ. ನಾನೇ ಕಂಡಿದ್ದೇನೆ. ಪೈಪಿನ ಎರಡು ತುದಿಗೆ ಎರಡು ಇಟ್ಟಿಗೆ, ಒಂದು ಬಾಂಡ್ಲಿ ಸಿಮೆಂಟ್ ಹಾಕಿ ಬಿಟ್ಟಿರುತ್ತಾರೆ. ಅದು ಹಿಡಿತವೇ ಅಲ್ಲ. ಗೋಡೆ ಕಟ್ಟುವಾಗಲೇ ಮೇಲೆ ಕಾಂಕ್ರೀಟ್ ಬೆಲ್ಟ್ ಹಾಕಿ, ಅದರಿಂದ ಕಬ್ಬಿಣದ ಸರಳು ಹೊರಗೆ ಬಿಟ್ಟು, ಪೈಪನ್ನು ಆ ಸರಳಿಗೆ ವೆಲ್ಡ್ ಮಾಡಿಸಬೇಕು. ಹಳೇ ಮನೆಯಾದರೆ ಪೈಪಿನ ಮೇಲಿನಿಂದ ಒಂದು ಪಟ್ಟಿ ಹಾಯಿಸಿ, ಗೋಡೆಯಲ್ಲಿ ಮೂರಡಿ ಕೆಳಗೆ ಬೋಲ್ಟ್ ಹಾಕಿ ಬಿಗಿಸಬಹುದು. ನಿಮ್ಮೂರಿನ ಯಾವ ವೆಲ್ಡರ್‌ನನ್ನು ಕೇಳಿದರೂ ಅರ್ಧ ದಿನದಲ್ಲಿ ಮಾಡಿಕೊಡುತ್ತಾನೆ. ಏಪ್ರಿಲ್ ಮೊದಲ ವಾರದೊಳಗೆ ಕೇಳಿ. ಗಾಳಿ ಹೊಡೆದ ಮೇಲೆ ಎಲ್ಲರೂ ಒಂದೇ ದಿನ ಫೋನ್ ಮಾಡುತ್ತಾರೆ, ನಮಗೆ ಕೈ ಸಾಲುವುದಿಲ್ಲ.

ಈಗ ಗಾಳಿ ಬರುವ ಹೊತ್ತಿನ ಮಾತು. ಕರಾವಳಿಗೆ ಚಂಡಮಾರುತ ಬರುವುದೇ ಬೇರೆ, ನಮಗೆ ಬರುವುದೇ ಬೇರೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂದಾಗ ಅದು ಸಮುದ್ರದಲ್ಲಿ ಎಲ್ಲಿದೆ, ಯಾವ ಕಡೆ ಹೊರಟಿದೆ ಅಂತ ದಿನಗಟ್ಟಲೆ ಮೊದಲೇ ಹೇಳುತ್ತಿದ್ದರು. ಮೀನುಗಾರರನ್ನು ಸಮುದ್ರಕ್ಕೆ ಇಳಿಯಬೇಡಿ ಅಂದರು. ನಮ್ಮ ಬಯಲುಸೀಮೆಯ ಗಾಳಿಗೆ ಅಷ್ಟು ಹೊತ್ತು ಇರುವುದಿಲ್ಲ. ಇಡೀ ದಿನ ಬಿಸಿಲಿಗೆ ನೆಲ ಕಾದು, ಬಿಸಿ ಗಾಳಿ ಮೇಲೇರಿ, ಮಧ್ಯಾಹ್ನದ ಮೇಲೆ ಗುಡ್ಡದ ಹಾಗೆ ಮೋಡ ಕಟ್ಟುತ್ತದೆ. ಆ ಮೋಡದಿಂದ ಮಳೆ, ಆಲಿಕಲ್ಲು ಇಳಿಯುವಾಗ ತಣ್ಣನೆ ಗಾಳಿಯನ್ನೂ ಜೊತೆಗೆ ಎಳೆದು ತರುತ್ತದೆ. ಅದು ನೆಲಕ್ಕೆ ಬಡಿದು ಸುತ್ತಲೂ ನುಗ್ಗುತ್ತದೆ. ಮಳೆಗಿಂತ ಮುಂದೆ ಬರುವುದು ಆ ಗಾಳಿಯೇ.

ಇಲ್ಲಿ ಒಂದು ವಿಷಯ ಎಲ್ಲರೂ ಗಮನಿಸಬೇಕು. ಗಾಳಿ ಬರುವ ಮುಂಚೆ ಒಂದೆಲೆ ಅಲ್ಲಾಡುವುದಿಲ್ಲ. ಮೈಯೆಲ್ಲ ಬೆವರು. ಆಮೇಲೆ ಇದ್ದಕ್ಕಿದ್ದ ಹಾಗೆ ತಣ್ಣಗೆ ಒಂದು ಬೀಸು ಬರುತ್ತದೆ, ಮಣ್ಣಿನ ವಾಸನೆ ಬರುತ್ತದೆ. ಸೆಕೆಯಲ್ಲಿ ಬೆಂದವರು ಹಾಯ್ ಅಂತ ಹೊರಗೆ ಬಂದು ಬೇವಿನ ಮರದ ಕೆಳಗೆ ನಿಲ್ಲುತ್ತಾರೆ. ಮಕ್ಕಳು ಬೀದಿಗೆ ಓಡುತ್ತಾರೆ. ಆ ತಂಪು ಬೀಸೇ ಎಚ್ಚರಿಕೆಯ ಗಂಟೆ. ಎದುರಿಗೆ ಕೆಂಪು ಧೂಳಿನ ಗೋಡೆ ಎದ್ದು ಕಂಡರೆ ಕೈಯಲ್ಲಿ ಇರುವುದು ಕೆಲವೇ ನಿಮಿಷ.

ಆ ಕೆಲವು ನಿಮಿಷದಲ್ಲಿ ಶೀಟಿನ ಮನೆಯವರು ಒಂದೇ ತೀರ್ಮಾನ ಮಾಡಬೇಕು. ಹತ್ತಿರದಲ್ಲಿ ಗಟ್ಟಿ ಆರ್‌ಸಿಸಿ ಮನೆ ಇದೆಯೇ? ಇದ್ದರೆ ವಯಸ್ಸಾದವರನ್ನು, ಮಕ್ಕಳನ್ನು ಕರೆದುಕೊಂಡು ಆಗಲೇ ಹೋಗಿಬಿಡಿ. ಗಾಳಿ ಶುರುವಾದ ಮೇಲೆ ಮಾತ್ರ ಹೊರಗೆ ಕಾಲಿಡಬೇಡಿ. ಬೀದಿಯಲ್ಲಿ ಹಾರುವ ಶೀಟು, ಮುರಿಯುವ ಕೊಂಬೆ, ಹರಿದ ತಂತಿ ಎಲ್ಲವೂ ಇರುತ್ತವೆ.

ಹೋಗಬೇಕಾದ ಗಟ್ಟಿ ಮನೆ ಎಲ್ಲಿದೆ? ನಮ್ಮ ಕೇರಿಯಲ್ಲಿ ಗಟ್ಟಿ ಕಟ್ಟಡ ಅಂದರೆ ಸರ್ಕಾರಿ ಶಾಲೆ ಒಂದೇ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಅದಕ್ಕೆ ಬೇಸಿಗೆ ರಜೆ. ಅಶ್ವಿನಿ, ಭರಣಿ, ಕೃತ್ತಿಕೆ, ಈ ಮೂರೂ ಮಳೆಯ ಗಾಳಿ ಹೊಡೆಯುವುದು ಸರಿಯಾಗಿ ಆ ರಜೆಯಲ್ಲೇ. ಗೇಟಿಗೆ ಬೀಗ. ಎರಡು ವರ್ಷದ ಹಿಂದೆ ನಮ್ಮ ಕೇರಿಯ ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ಶಾಲೆಯವರೆಗೆ ಓಡಿ, ಬೀಗ ನೋಡಿ, ಗಾಳಿಯಲ್ಲೇ ವಾಪಸು ಓಡಿ ಬಂದರು. ನನಗೆ ಇವತ್ತಿಗೂ ಅದು ನೆನಪಾದರೆ ಹೊಟ್ಟೆ ಉರಿಯುತ್ತದೆ. ಯಾರನ್ನೂ ದೂರುವುದಕ್ಕೆ ಇದನ್ನು ಹೇಳುತ್ತಿಲ್ಲ. ಬೇಸಿಗೆ ರಜೆಯಲ್ಲಿ ಒಂದು ಕೊಠಡಿಯ ಬೀಗದ ಕೈ ಶಾಲೆಯ ಪಕ್ಕದ ಮನೆಯಲ್ಲಿ ಇರಲಿ. ಅಂಗನವಾಡಿಯದೋ ಸಮುದಾಯ ಭವನದ್ದೋ ಆದರೂ ಸರಿ. ಯಾರ ಮನೆಯಲ್ಲಿ ಇದೆ ಅಂತ ಗೋಡೆಯ ಮೇಲೆ ಬರೆಸಲಿ. ಇದಕ್ಕೆ ಹಣ ಬೇಕಾಗಿಲ್ಲ, ಗ್ರಾಮ ಪಂಚಾಯ್ತಿಯ ಒಂದು ಸಭೆ ಸಾಕು. ಎಲ್ಲ ಪಂಚಾಯ್ತಿಗಳೂ ಇದನ್ನು ಮಾಡಬೇಕು ಅಂತ ನಿಮ್ಮ ಪತ್ರಿಕೆ ಒತ್ತಿ ಹೇಳಬೇಕು.

ಹೋಗಲು ಜಾಗವೇ ಇಲ್ಲ, ಶೀಟಿನ ಮನೆಯಲ್ಲೇ ಇರಬೇಕಾಯಿತು ಅಂದುಕೊಳ್ಳಿ. ಎಲ್ಲ ಬಾಗಿಲು, ಕಿಟಕಿ ಹಾಕಿ ಚಿಲಕ ಬಿಗಿ ಮಾಡಿ. ಒಂದು ಕಡೆಯ ಕಿಟಕಿ ತೆರೆದಿಟ್ಟರೆ ಗಾಳಿ ಹಾದು ಹೋಗಿ ಮನೆ ಉಳಿಯುತ್ತದೆ ಅಂತ ಕೆಲವರು ಹೇಳುತ್ತಾರೆ. ಅದನ್ನು ನಂಬಬೇಡಿ. ಒಳಗೆ ನುಗ್ಗಿದ ಗಾಳಿಯೇ ಮಾಡನ್ನು ಕೆಳಗಿನಿಂದ ಎಬ್ಬಿಸುವುದು. ಒಲೆ ಉರಿಯುತ್ತಿದ್ದರೆ ನೀರು ಹಾಕಿ ಆರಿಸಿ, ಒಂದು ಕೆಂಡ ಹಾರಿದರೆ ಬಣವೆಗೆ ಬೆಂಕಿ. ಗ್ಯಾಸ್ ಇದ್ದರೆ ರೆಗ್ಯುಲೇಟರ್ ಬಂದ್ ಮಾಡಿ. ಮೇನ್ ಸ್ವಿಚ್ ಇಳಿಸಿ. ಗುಡುಗು ಮಿಂಚು ಇದ್ದರೆ ಕಬ್ಬಿಣದ ಕಂಬ, ಪೈಪು ಮುಟ್ಟಬೇಡಿ.

ಎಲ್ಲಿ ಕೂರಬೇಕು? ಮನೆಯಲ್ಲಿ ಬಚ್ಚಲೋ, ಮತ್ತೊಂದೋ ಮೇಲೆ ಕಾಂಕ್ರೀಟ್ ಇರುವ ಚಿಕ್ಕ ಜಾಗ ಇದ್ದರೆ ಅದೇ ಮೊದಲು. ಇಲ್ಲದಿದ್ದರೆ ಗಟ್ಟಿ ಮಂಚದ ಕೆಳಗೆ, ಮೇಜಿನ ಕೆಳಗೆ. ಅದೂ ಇಲ್ಲದಿದ್ದರೆ ಹಾಸಿಗೆ, ಕಂಬಳಿ ಮಡಿಸಿ ತಲೆಯ ಮೇಲೆ ಹಿಡಿದು ಕುಕ್ಕರುಗಾಲಲ್ಲಿ ಕೂರಿ. ಸಿಮೆಂಟ್ ಇಟ್ಟಿಗೆಯ ಗೋಡೆಗೆ ಒರಗಿ ಮಾತ್ರ ಕೂರಬೇಡಿ. ಮಾಡು ಎದ್ದರೆ ಗೋಡೆಯ ಮೇಲಿನ ಒಂದೆರಡು ವರಸೆ ಇಟ್ಟಿಗೆಯೂ ಜೊತೆಗೆ ಕಿತ್ತು ಒಳಗೆ ಬೀಳುತ್ತದೆ. ಇನ್ನೊಂದು ಮಾತು ಗಂಡಸರಿಗೆ. ಶೀಟು ಏಳುತ್ತಿದೆ ಅಂತ ಪೈಪಿಗೆ ಜೋತು ಬೀಳುತ್ತಾರೆ, ಹಗ್ಗ ಹಿಡಿದು ಎಳೆಯುತ್ತಾರೆ, ಕೆಲವರು ಆ ಗಾಳಿಯಲ್ಲೇ ಮೇಲೆ ಹತ್ತುತ್ತಾರೆ. ದಯವಿಟ್ಟು ಬೇಡ. ಮುನ್ನೂರು ಕೆ.ಜಿ. ಎಳೆತವನ್ನು 60 ಕೆ.ಜಿ. ಮನುಷ್ಯ ಹಿಡಿಯಲಾರ. ಶೀಟು ಹೋದರೆ ಹೋಗಲಿ, ನಾನು ಬಂದು ಬೇರೆ ಹಾಕಿಕೊಡುತ್ತೇನೆ.

ತೊಟ್ಟಿಲ ಬಗ್ಗೆ ಹೇಳಲೇಬೇಕು. ಶೀಟಿನ ಮನೆಗಳಲ್ಲಿ ತೊಟ್ಟಿಲನ್ನು, ಸೀರೆಯ ಜೋಲಿಯನ್ನು ಮಾಡಿನ ಪೈಪಿಗೇ ಕಟ್ಟುತ್ತಾರೆ. ಮತ್ತೆಲ್ಲಿ ಕಟ್ಟುತ್ತಾರೆ ಪಾಪ, ಬೇರೆ ಕೊಕ್ಕೆ ಇರುವುದಿಲ್ಲ ಅಲ್ವಾ. ಆದರೆ ಪೈಪು ಎದ್ದರೆ ಜೋಲಿಯೂ ಅದರ ಜೊತೆ ಏಳುತ್ತದೆ. ನಾನು ಯಾವ ಮನೆಗೆ ಕೆಲಸಕ್ಕೆ ಹೋದರೂ ಮೊದಲು ಮೇಲೆ ನೋಡುತ್ತೇನೆ. ಜೋಲಿಯ ಹಗ್ಗ ಕಂಡರೆ ನೆಲದಲ್ಲಿ ನಿಲ್ಲುವ ಕಬ್ಬಿಣದ ಸ್ಟ್ಯಾಂಡ್ ಮಾಡಿಕೊಡುತ್ತೇನೆ. ಉಳಿದ ಪೈಪ್ ತುಂಡಿನಲ್ಲಿ ಆಗುವ ಕೆಲಸ, ಅದಕ್ಕೆ ಕೂಲಿ ತೆಗೆದುಕೊಳ್ಳುವುದಿಲ್ಲ. ಸ್ಟ್ಯಾಂಡ್ ಇಲ್ಲದವರು ಮೋಡ ಕಟ್ಟಿದ ಕೂಡಲೇ ಮಗುವನ್ನು ಜೋಲಿಯಿಂದ ತೆಗೆದು ಮಡಿಲಿಗೆ ಹಾಕಿಕೊಳ್ಳಿ. ಮಗು ಮಲಗಿದೆ, ಎಬ್ಬಿಸಿದರೆ ಅಳುತ್ತದೆ ಅಂತ ಬಿಡಬೇಡಿ.

ತಾರಸಿ ಮನೆಯವರಿಗೂ ಒಂದು ಮಾತಿದೆ. ನಿಮ್ಮ ಮಾಳಿಗೆಯ ಮೇಲಿನ ಸಾಮಾನು ಕೆಳಗಿನ ಶೀಟಿನ ಮನೆಯ ಮೇಲೆ ಬೀಳುತ್ತದೆ. ಖಾಲಿ ಸಿಂಟೆಕ್ಸ್ ಟ್ಯಾಂಕು ಗಾಳಿಗೆ ಚೆಂಡಿನ ಹಾಗೆ ಉರುಳುತ್ತದೆ. 500 ಲೀಟರ್ ತುಂಬಿದ್ದರೆ 500 ಕೆ.ಜಿ., ಕದಲುವುದಿಲ್ಲ. ಬೇಸಿಗೆಯಲ್ಲಿ ನೀರಿಗೆ ಕಷ್ಟ ಅಂತ ನನಗೂ ಗೊತ್ತು. ತುಂಬಿಸಲು ಆಗದಿದ್ದರೆ ಕಟ್ಟಿ ಹಾಕಿ. ಟೀವಿ ಡಿಶ್, ಹೂಕುಂಡ, ಸೌದೆ ಎಲ್ಲಕ್ಕೂ ಇದೇ ಮಾತು.

ಗಾಳಿ ನಿಂತ ಮೇಲೂ ಅಪಾಯ ಮುಗಿದಿರುವುದಿಲ್ಲ. ಎಲ್ಲರೂ ಹಾರಿದ ಶೀಟು ಹುಡುಕಲು ಓಡುತ್ತಾರೆ. ಕರೆಂಟಿನ ತಂತಿ ಹರಿದು ಶೀಟಿನ ಮೇಲೆ ಬಿದ್ದಿದ್ದರೆ ಆ ಶೀಟು, ಪೈಪು, ಬಾಗಿಲ ಚೌಕಟ್ಟು ಎಲ್ಲದರಲ್ಲೂ ಕರೆಂಟ್ ಇರಬಹುದು. ನೆಲವೂ ಒದ್ದೆ. ಕರೆಂಟ್ ಹೋಗಿದೆ ಅಂತ ಮುಟ್ಟಬೇಡಿ, ಯಾವ ನಿಮಿಷದಲ್ಲಿ ಲೈನ್ ಬರುತ್ತದೋ ಹೇಳಲಾಗದು. ದೂರದಲ್ಲೇ ನಿಂತು, ಮಕ್ಕಳನ್ನೂ ದನಗಳನ್ನೂ ತಡೆದು, 1912ಕ್ಕೆ ಫೋನ್ ಮಾಡಿ. ಯಾರಿಗಾದರೂ ಪೆಟ್ಟಾಗಿದ್ದರೆ 112. ಜಿಲ್ಲೆಯ ವಿಪತ್ತು ಸಹಾಯವಾಣಿ 1077. ಈ ಮೂರನ್ನೂ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಬರೆದಿಡಿ. ಫೋನಿನಲ್ಲಿ ಇದೆ ಅಂದರೆ ಆ ಹೊತ್ತಿಗೆ ಕೈಗೆ ಸಿಗುವುದಿಲ್ಲ. ಸ್ಮಾರ್ಟ್‌ಫೋನ್ ಇರುವ ಹುಡುಗರು ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ದಾಮಿನಿ ಆಪ್ ಹಾಕಿಕೊಳ್ಳಲಿ. ಸಿಡಿಲು ಹತ್ತಿರ ಬಂತು ಅಂತ ಅದು ತೋರಿಸಿದರೆ ಗಾಳಿಯೂ ಬರಬಹುದು ಅಂತ ಲೆಕ್ಕ ಹಾಕಿ, ಕೇರಿಯಲ್ಲಿ ನಾಲ್ಕು ಮನೆಗೆ ಕೂಗಿ ಹೇಳಲಿ.

ಸಂಪಾದಕರಲ್ಲಿ ನನ್ನ ಕೋರಿಕೆ ಇಷ್ಟೇ. ಪ್ರತಿ ವರ್ಷ ಗಾಳಿ ಹೊಡೆದ ಮಾರನೇ ದಿನ ಹಾರಿದ ಶೀಟಿನ ಫೋಟೋ ಹಾಕುತ್ತೀರಿ. ಅದರ ಜೊತೆಗೆ ಯುಗಾದಿಯ ಹೊತ್ತಿಗೇ ಒಂದು ಸಲ, ಕಲ್ಲು ಇಳಿಸಿ ಸ್ಕ್ರೂ ಹೊಡೆಸಿ ಅಂತ ದೊಡ್ಡ ಅಕ್ಷರದಲ್ಲಿ ಹಾಕಿ. ಯುಗಾದಿಗೆ ಎಲ್ಲರೂ ಮನೆಗೆ ಸುಣ್ಣ ಬಳಿಯುತ್ತಾರೆ, ಏಣಿ ಹೇಗೂ ಹೊರಗೆ ಬಂದಿರುತ್ತದೆ. ಒಂದು ಎಚ್ಚರ, ಸಿಮೆಂಟ್ ಶೀಟಿನ ಮೇಲೆ ಕಾಲಿಟ್ಟು ಹತ್ತಬೇಡಿ, ಅದು ಒಡೆಯುತ್ತದೆ. ಏಣಿಯ ಮೇಲೆ ನಿಂತೇ ಕೈಗೆ ಸಿಕ್ಕ ಕಲ್ಲು ತೆಗೆಯಿರಿ, ಉಳಿದದ್ದಕ್ಕೆ ಕೆಲಸದವರನ್ನು ಕರೆಯಿರಿ. ಅವರು ಬಂದ ದಿನವೇ ಸ್ಕ್ರೂ ಹೊಡೆಸಿಬಿಡಿ. ಕಲ್ಲು ಇಳಿಸಿ ಸ್ಕ್ರೂ ಹೊಡೆಯದೆ ಬಿಟ್ಟರೆ ಸಣ್ಣ ಗಾಳಿಗೂ ಶೀಟು ಹೋಗುತ್ತದೆ.

ನಮ್ಮ ಮನೆಯ ಹನ್ನೊಂದು ಕಲ್ಲನ್ನು ನಾನು ಆ ವಾರವೇ ಇಳಿಸಿದೆ. ಬಚ್ಚಲ ಮುಂದೆ ಸಾಲಾಗಿ ಹಾಸಿದ್ದೇನೆ. ಅವ್ವ ಈಗ ಅವುಗಳ ಮೇಲೆ ಕೂತು ಎಡಗೈಯಲ್ಲಿ ಪಾತ್ರೆ ತಿಕ್ಕುತ್ತಾರೆ.

ಇಂತಿ,
ಒಬ್ಬ ಶೀಟ್ ಮತ್ತು ವೆಲ್ಡಿಂಗ್ ಕೆಲಸಗಾರ,
ಹಿರಿಯೂರು ತಾಲ್ಲೂಕು, ಚಿತ್ರದುರ್ಗ ಜಿಲ್ಲೆ